ಪಾಲ್ಸಿ ಮಾಮ

ಕಳೆದ ವಾರ ನಮ್ಮ ಮೇಲಿನ ಮನೆಯ ಮಗುವಿನ ಹುಟ್ಟುಹಬ್ಬವಿತ್ತು. ಬಲೂನು ಊದುವ ಕೆಲಸ ನನ್ನ ಪಾಲಿಗೆ ಬಂತು. ಪ್ಯಾಕೆಟ್ ಹರಿದು ಮೊದಲ ಬಲೂನನ್ನು ತುಟಿಗಿಟ್ಟದ್ದೇ, ಪೌಡರು ಬೆರೆತ ಆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು ನೋಡಿ… ಊದುವುದನ್ನು ಬಿಟ್ಟು ಸುಮ್ಮನೆ ಕೂತುಬಿಟ್ಟೆ. ಕಾರವಾರದ ಕೋಡಿಬಾಗದಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆ ಕಣ್ಣಿಗೆ ಬಂತು. ಪಕ್ಕದ ಮನೆಯ ಹಿಂಬಾಗಿಲ ಮೆಟ್ಟಿಲು. ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು, ಯಾರಿಗೂ ಕಾಣದ ಹಾಗೆ ಕೆಂಪು ಬಲೂನೊಂದರ ಜೊತೆ ಹೆಣಗುತ್ತಿದ್ದ, ಐವತ್ತು ದಾಟಿದ ಒಬ್ಬ ಗಂಡಸು.

ಅವರನ್ನು ಇಡೀ ಕೇರಿ ಪಾಲ್ಸಿ ಮಾಮ ಎಂದೇ ಕರೆಯುತ್ತಿತ್ತು. ವಿಮಾ ಏಜೆಂಟರು. ಪಾಲಿಸಿ ಎಂಬ ಶಬ್ದ ನಮ್ಮ ಕಡೆಯ ಬಾಯಲ್ಲಿ ಸವೆದು ಪಾಲ್ಸಿಯಾಗಿ, ಅದೇ ಅವರ ಹೆಸರಾಗಿಬಿಟ್ಟಿತ್ತು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಸ್ಕೂಟರಿಗೆ ನೇತುಹಾಕಿದ ರೆಗ್ಜಿನ್ ಚೀಲ. ಯಾರ ಮನೆಗೆ ಹೋದರೂ ಮೊದಲು ಚಹಾ, ಆಮೇಲೆ ಊರ ಸುದ್ದಿ, ಎಲ್ಲ ಮುಗಿದು ಏಳುವ ಹೊತ್ತಿಗೆ ಪಾಲಿಸಿಯ ಮಾತು. ಅವರ ಬಾಯಲ್ಲಿ ಸಾವು ಎಂಬ ಶಬ್ದ ಬಂದದ್ದನ್ನು ನಾನು ಕೇಳಿಲ್ಲ. “ನಾಳೆ ಏನಾರು ಹೆಚ್ಚುಕಮ್ಮಿ ಆದ್ರೆ…” ಎಂದು ಅಲ್ಲಿಗೇ ನಿಲ್ಲಿಸಿ ನಗುತ್ತಿದ್ದರು. ಆ ನಗುವಿಗೇ ಎಷ್ಟೋ ಜನ ಸಹಿ ಹಾಕಿದ್ದರು.

ನಾನು ಆಗ ಮದುವೆಯಾಗಿ ಹೊಸದಾಗಿ ಕಾರವಾರಕ್ಕೆ ಬಂದವಳು. ಗಂಡನಿಗೆ ಕೈಗಾದಲ್ಲಿ ಕೆಲಸ. ಕಂಪನಿಯ ಬಸ್ಸು ಅವರನ್ನು ಕರೆದೊಯ್ದರೆ ಮನೆ ಬಿಕೋ ಎನ್ನುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹಾಗಾಗಿ ವಯಸ್ಸಿನಲ್ಲಿ ಎಷ್ಟೋ ಚಿಕ್ಕವಳಾದರೂ ಮಾಮನಿಗೆ, ಮಾಮಿಗೆ ನಾನು ‘ಅಕ್ಕೋರು’. ಅವರಿಗೆ ಒಬ್ಬಳೇ ಮಗಳು. ಅಂಕೋಲೆಯ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಮೇ ತಿಂಗಳ ಕೊನೆಗೆ ಮುಹೂರ್ತ.

ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಮಾಮಿ ಕಾಂಪೌಂಡಿನ ಆಚೆಯಿಂದ ಕೂಗಿದರು. “ಅಕ್ಕೋರೇ, ಒಂಚೂರು ಬನ್ನಿ. ಇವರ ಬಾಯಿ ಎಂತಕೋ ಓರೆ ಆಗಿದೆ.”

ಹೋಗಿ ನೋಡಿದೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದರೆ ನೀರೆಲ್ಲ ಎಡಗಡೆಯಿಂದ ಸೋರಿ ಬನಿಯನ್ ಒದ್ದೆಯಾಗಿತ್ತಂತೆ. ಎಡಗಡೆಯ ಮುಖ ಪೂರ್ತಿ ಜೋತುಬಿದ್ದಿತ್ತು. ತುಟಿ ಬಲಗಡೆಗೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚಲು ಹೋದರೆ ರೆಪ್ಪೆ ಕೆಳಗಿಳಿಯದೆ ಬರೀ ಬಿಳಿ ಗುಡ್ಡೆ ಕಾಣುತ್ತಿತ್ತು. ಮಾಮ ಕನ್ನಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಯಾರೂ ಆ ಶಬ್ದ ಹೇಳಲಿಲ್ಲ. ಆದರೆ ಲಕ್ವಾ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರ ತಲೆಯಲ್ಲೂ ಇತ್ತು.

ರಿಕ್ಷಾ ತರಿಸಿ ಆಸ್ಪತ್ರೆಗೆ ಹೋದೆವು. ನಾನೂ ಜೊತೆಗಿದ್ದೆ. ಡಾಕ್ಟರು ಮಾಮನ ಎರಡೂ ಕೈ ಮುಂದೆ ಚಾಚಿಸಿದರು, ತಮ್ಮ ಬೆರಳನ್ನು ಗಟ್ಟಿಯಾಗಿ ಹಿಡಿಯಲು ಹೇಳಿದರು, ನಡೆಸಿದರು. ಆಮೇಲೆ ಹುಬ್ಬು ಮೇಲೆತ್ತಲು ಹೇಳಿದರು. ಹಣೆಯ ಬಲಗಡೆ ಗೆರೆ ಮೂಡಿತು, ಎಡಗಡೆ ನುಣುಪಾಗಿಯೇ ಉಳಿಯಿತು. ಅದನ್ನು ನೋಡಿ ಡಾಕ್ಟರಿಗೆ ಸಮಾಧಾನವಾದ ಹಾಗೆ ಕಂಡಿತು. “ಹೆದರಬೇಡಿ. ಇದು ಮಿದುಳಿನ ತೊಂದರೆ ಅಲ್ಲ. ಮುಖದ ಒಂದು ನರ ಬಾತುಕೊಂಡಿದೆ, ಅಷ್ಟೇ. ಇದಕ್ಕೆ ಬೆಲ್ಸ್ ಪಾಲ್ಸಿ ಅಂತಾರೆ” ಎಂದರು.

ಮಾಮಿಗೆ ಕೊನೆಯ ಶಬ್ದ ಮಾತ್ರ ತಲೆಗೆ ಹೋಯಿತು. “ಪಾಲ್ಸಿನಾ? ಅದು ಇವರೇ ಎಲ್ಲರಿಗೂ ಮಾಡಿಸೂದಲ್ರಾ!”

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಮಾಮನೂ ನಗಲು ಹೋದರು. ನಕ್ಕದ್ದು ಅರ್ಧ ಮುಖ ಮಾತ್ರ. ಅವರಿಗೂ ಅದು ಗೊತ್ತಾಗಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಮಾತ್ರೆ, ಕಣ್ಣಿಗೆ ಹಾಕುವ ಹನಿ, ಮಲಗುವಾಗ ರೆಪ್ಪೆ ಮುಚ್ಚಿ ಅಂಟಿಸಲು ಬಿಳಿ ಪಟ್ಟಿ, ಕೆನ್ನೆಗೆ ವ್ಯಾಯಾಮವಾಗಲಿ ಎಂದು ಬಲೂನು ಊದುವುದು… ಇಷ್ಟನ್ನು ಹೇಳಿ ಕಳಿಸಿದರು.

ಮನೆಗೆ ಬಂದಾಗ ಎಲ್ಲರೂ ನಿರಾಳವಾಗಿದ್ದೆವು. ಆದರೆ ಅಂದು ಸಂಜೆ ಮಾಮ ಮುಖಕ್ಕೆ ಟವೆಲು ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಮಗಳು ಶಾಲೆಗೆ ಹೋಗುವಾಗ ತಂದಿದ್ದ ಸಣ್ಣ ಇಂಗ್ಲಿಷ್–ಕನ್ನಡ ನಿಘಂಟು. ಪಾಲ್ಸಿ ಎಂಬ ಶಬ್ದದ ಕೆಳಗೆ ಬೆರಳಿಟ್ಟು ತೋರಿಸಿದರು. ಎದುರಿಗೆ ಅಚ್ಚಾಗಿತ್ತು: ಪಾರ್ಶ್ವವಾಯು, ಲಕ್ವ.

ಪ, ಬ, ಮ ಬಂದಲ್ಲೆಲ್ಲ ಅವರ ತುಟಿಯಿಂದ ಗಾಳಿ ಸೋರುತ್ತಿತ್ತು. ಕಿವಿಗೊಟ್ಟು ಕೇಳಿದರೆ ಮಾತ್ರ ಮಾತು ತಿಳಿಯುತ್ತಿತ್ತು. “ಅಕ್ಕೋರೇ, ನೀವು ಇಂಗ್ಲಿಷ್ ಕಲಿಸೂವ್ರು. ಇದಕ್ಕೆ ಇದೇ ಅರ್ಥ ಹೌದಾ ಅಲ್ದಾ, ಅಷ್ಟೇ ಹೇಳಿ.”

ನಿಜ ಹೇಳಬೇಕೆಂದರೆ ಆ ಶಬ್ದವನ್ನು ನಾನು ಹುಟ್ಟಿನಿಂದಲೇ ಕೈಕಾಲು ಸೆಟೆದ ಮಕ್ಕಳ ಕಾಯಿಲೆಯ ಹೆಸರಿನಲ್ಲಿ ಕೇಳಿದ್ದೆ, ಹಳೆಯ ಕಥೆಗಳಲ್ಲಿ ಮುದುಕರ ನಡುಗುವ ಕೈಯನ್ನು ಹೇಳುವಾಗ ಓದಿದ್ದೆ. ಅದಕ್ಕಿಂತ ಹೆಚ್ಚಿಗೆ ಗೊತ್ತಿರಲಿಲ್ಲ. ನಾಳೆ ಶಾಲೆಯ ದೊಡ್ಡ ನಿಘಂಟು ನೋಡಿ ಹೇಳುತ್ತೇನೆ ಎಂದೆ.

ಮರುದಿನ ನೋಡಿದೆ. ಪಾಲ್ಸಿ, ಪೆರಾಲಿಸಿಸ್ ಎರಡೂ ಮೂಲದಲ್ಲಿ ಒಂದೇ ಗ್ರೀಕ್ ಶಬ್ದ. ಬದಿ ಸಡಿಲಾಗುವುದು ಎಂಬಂಥ ಅರ್ಥ. ಅದು ಫ್ರೆಂಚರ ಬಾಯಿ ಹೊಕ್ಕು, ಅಲ್ಲಿಂದ ಇಂಗ್ಲಿಷಿನವರ ಬಾಯಿಗೆ ಬಂದು ಸವೆದು ಸವೆದು ಪಾಲ್ಸಿ ಆಯಿತಂತೆ. ಪೆರಾಲಿಸಿಸ್ ಎಂಬುದು ಓದಿದವರು ಆಮೇಲೆ ಪುಸ್ತಕದಿಂದ ನೇರ ಎತ್ತಿಕೊಂಡ ರೂಪ. ಈಗ ಎರಡಕ್ಕೂ ಬೇರೆ ಬೇರೆ ಬಳಕೆ. ಅಂಗ ಪೂರ್ತಿ ಕೈಕೊಟ್ಟರೆ ಸಾಮಾನ್ಯವಾಗಿ ಪೆರಾಲಿಸಿಸ್ ಎನ್ನುತ್ತಾರೆ. ಪಾಲ್ಸಿ ಎಂದರೆ ಬಲ ಕುಂದುವುದು, ನಡುಗುವುದು, ಯಾವುದೋ ಒಂದು ನರ ಸೋಲುವುದು, ಎಲ್ಲವೂ ಆಗಬಹುದು. ಬೆಲ್ ಎಂಬುದು ಈ ಮುಖದ ತೊಂದರೆಯನ್ನು ವಿವರಿಸಿದ ವೈದ್ಯನ ಹೆಸರು.

ಇದನ್ನೆಲ್ಲ ಸಂಜೆ ಮಾಮನಿಗೆ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ, “ಮೂಲ ಒಂದೇ ಹೇಳಿದ್ರಿ ಅಲ್ದಾ?” ಎಂದರು.

“ಮೂಲ ಒಂದೇ ಮಾಮ, ಆದರೆ ಬಳಕೆ…”

“ಡಾಕ್ಟ್ರು ಶಬ್ದ ಬದಲು ಮಾಡಿ ಹೇಳಿದ್ರು. ನನ್ನ ಕೆಲ್ಸಾನೂ ಅದೇ ಅಲ್ದಾ ಅಕ್ಕೋರೇ? ಸಾಯೂದಕ್ಕೆ ನಾ ‘ಹೆಚ್ಚುಕಮ್ಮಿ’ ಹೇಳ್ತೆ.”

ಆಗ ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಶೆಟಗೇರಿ ಎಂಬ ಹಳ್ಳಿಯಲ್ಲಿ ಅವರ ಹುಟ್ಟುಮನೆ. ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದವರು ಅಲ್ಲೇ ಕುಸಿದರಂತೆ. ಒಂದು ಬದಿ ಪೂರ್ತಿ ಹೋಯಿತು. ಆಮೇಲೆ ವರ್ಷಗಟ್ಟಲೆ ಒಳಕೋಣೆಯ ಹಾಸಿಗೆ. ಅಮ್ಮ ಆ ಕೋಣೆ ಬಿಟ್ಟು ಯಾರ ಮದುವೆಗೂ ಹೋಗಲಿಲ್ಲ. ಅಕ್ಕಂದಿರನ್ನು ನೋಡಲು ಬಂದವರು ಹಾಸಿಗೆಯನ್ನೂ ನೋಡಿ ಹಿಂದೆ ಹೋದರು. ಮಾಮ ಕಾಲೇಜು ಬಿಟ್ಟು ದುಡಿಯಲು ನಿಂತರು.

“ಅಪ್ಪ ಹೋದ ದಿನ ನಮ್ಮ ಮನೇಲಿ ಯಾರೂ ಜೋರಾಗಿ ಅಳಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು. ಅಮ್ಮ ಮಿಂದು ಬಂದು ಮಲಗಿದಳು, ಮರುದಿನದವರೆಗೆ ನಿದ್ದೆ ಮಾಡಿದಳು…” ಎಂದು ಹೇಳಿ ಎದ್ದು ಹೋದರು.

ಆಮೇಲೆ ಅವರು ಹೊರಗೆ ಕಾಣಿಸಲಿಲ್ಲ. ಸ್ಕೂಟರಿಗೆ ಹೊದಿಕೆ ಬಿತ್ತು. ಮನೆಗೆ ಬಂದವರಿಗೆ ಮಾಮಿ, “ಅವರಿಗೆ ಸ್ವಲ್ಪ ನೆಗಡಿ” ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಹಿಂಬಾಗಿಲ ಮೆಟ್ಟಿಲ ಮೇಲೆ ಬಲೂನು ಊದುವುದು ಮಾತ್ರ ನಡೆದಿತ್ತು. ಬಲೂನು ಉಬ್ಬುತ್ತಿರಲಿಲ್ಲ. ಎಡಗಡೆಯ ತುಟಿಯಿಂದ ಗಾಳಿಯೆಲ್ಲ ಹೊರಗೆ ಹೋಗಿ ಪುಸ್ ಎನ್ನುತ್ತಿತ್ತು. ನಾನು ಬಟ್ಟೆ ಒಣಗಿಸಲು ಹೋದರೆ ಅವರು ಬಲೂನನ್ನು ಕಿಸೆಗೆ ತುರುಕುತ್ತಿದ್ದರು.

ಹೀಗೆ ಸುಮಾರು ಒಂದು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮಾಮ ಇಸ್ತ್ರಿ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದರು. ಶಾಲೆಗೆ ಬೇಸಿಗೆ ರಜೆ ಶುರುವಾಗಿತ್ತು.

“ಅಕ್ಕೋರೇ, ನಂಗೆ ಅಂಕೋಲೆಗೆ ಹೋಗೂದಿದೆ. ಬೀಗರ ಮನೆಗೆ. ನಾ ಮಾತಾಡಿದ್ರೆ ಅವರಿಗೆ ತಿಳಿಯೂದಿಲ್ಲ. ನೀವು ಜೊತೆಗೆ ಬರ್ಬೇಕು.”

“ಮಾಮಿ ಬರೋದಿಲ್ವಾ?”

“ಅವಳಿಗೆ ಹೇಳ್ಲಿಲ್ಲ.”

ಯಾಕೆ ಹೋಗುತ್ತಿದ್ದಾರೆಂದು ಆಗಲೇ ಊಹೆಯಾಯಿತು. ಬೇಡ ಮಾಮ, ಡಾಕ್ಟರ ಮಾತು ನಂಬಿ ಎಂದೆ. “ನೀವು ಬರದಿದ್ರೆ ನಾ ಒಬ್ನೇ ಹೋಗ್ತೆ” ಎಂದು ಮೆಟ್ಟಿಲಿಳಿದರು. ಅವರನ್ನು ಹಾಗೆ ಒಬ್ಬರೇ ಬಿಡಲು ಮನಸ್ಸಾಗದೆ ನಾನೂ ಚಪ್ಪಲಿ ಮೆಟ್ಟಿದೆ.

ಬಸ್ಸಿನಲ್ಲಿ ಮಾಮ ಕಿಟಕಿಯ ಕಡೆ ಕೂತಿದ್ದರು. ಮುಚ್ಚಲಾಗದ ಕಣ್ಣಿಗೆ ಸಮುದ್ರದ ಗಾಳಿ ಹೊಡೆದು ನೀರು ಇಳಿಯುತ್ತಿತ್ತು. ಜಾಗ ಬದಲಿಸಿಕೊಂಡೆವು. ಅಮದಳ್ಳಿ ದಾಟಿ ಅವರ್ಸಾ ಬಂತು. ಕಂಡಕ್ಟರು ಪರಿಚಯದವನು. “ಎಂತ ಮಾಮಾ, ಹಲ್ಲು ಕೀಳಿಸಿದ್ರಾ?” ಎಂದ. ಮಾಮ ತಲೆಯಾಡಿಸಿ ಹೌದು ಎಂದರು.

ಬೀಗರ ಮನೆಯ ಚಾವಡಿಯ ತುಂಬ ಇಶಾಡ ಮಾವಿನಹಣ್ಣು ಹುಲ್ಲಿನ ಮೇಲೆ ಹರಡಿಟ್ಟಿದ್ದರು. ಹುಡುಗ ಮನೆಯಲ್ಲಿರಲಿಲ್ಲ. ಅವನ ಅಪ್ಪ ಪೇಪರು ಓದುತ್ತ ಕೂತಿದ್ದರು. ಹುಡುಗನ ಅಮ್ಮ ಹಣ್ಣು ಆರಿಸುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಮಾಮನ ಮುಖವನ್ನು ಒಂದು ಕ್ಷಣ ನೋಡಿ, ಏನೂ ಕೇಳದೆ ಚಹಾಕ್ಕೆ ಇಡಲು ಒಳಗೆ ಹೋದರು. ಅವರು ಲೋಟ ತಂದಿಟ್ಟ ಮೇಲೆ ಮಾಮ ಅದನ್ನು ಮುಟ್ಟದೆ ಮಾತು ಶುರುಮಾಡಿದರು. ನನ್ನನ್ನು ಮಾತಿಗೆಂದು ಕರೆತಂದವರು ಕೊನೆಗೆ ಎಲ್ಲವನ್ನೂ ತಾವೇ ಹೇಳಿದರು. ಗಾಳಿ ಸೋರುತ್ತಿದ್ದ ಅದೇ ತುಟಿಯಿಂದ, ಒಂದೊಂದೇ ಶಬ್ದ.

“ನಮ್ಮ ಮನೇಲಿ ಲಕ್ವಾ ಇದೆ. ನನ್ನ ಅಪ್ಪನಿಗೆ ಇತ್ತು. ಈಗ ನಂಗೂ ಬಂತು. ನಾಳೆ ನಿಮ್ಮ ಮಗ ನನ್ನ ಹಾಸಿಗೆ ಎತ್ತೂ ಹಾಂಗೆ ಆಗೂದು ಬೇಡ. ಸಂಬಂಧ ಬೇಡ ಹೇಳೂದಾದ್ರೆ ಈಗ್ಲೇ ಹೇಳ್ಬಿಡಿ. ನಾವು ಬೇಜಾರು ಮಾಡೂದಿಲ್ಲ.”

ಹುಡುಗನ ಅಪ್ಪ ಪೇಪರು ಮಡಚಿದರು. ಹುಡುಗನ ಅಮ್ಮ ಲೋಟವನ್ನು ಮಾಮನ ಕಡೆ ಸರಿಸಿ, “ಚಾ ತಣಿತದೆ. ಮೊದ್ಲು ಕುಡೀರಿ” ಎಂದರು.

ಮಾಮ ಲೋಟ ಎತ್ತಿದರು. ಮೊದಲ ಗುಟುಕಿಗೇ ಚಹಾ ಎಡಗಡೆಯಿಂದ ಇಳಿದು ಅಂಗಿಯ ಮೇಲೆ ಹರಿಯಿತು. ಅವರು ಲೋಟ ಕೆಳಗಿಟ್ಟು ಕಣ್ಣು ತಗ್ಗಿಸಿದರು.

ಆ ಹೆಂಗಸು ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಹಾಂಗಲ್ಲ. ಈ ಬದಿ ತುಟಿಗೆ ಬೆರಳು ಒತ್ತಿ ಹಿಡ್ಕಣಿ. ಹಾಂ. ಈಗ ಲೋಟ ಆ ಬದಿಗೆ ಇಡಿ. ಸಣ್ಣಕೆ ಹೀರಿ.”

ಮಾಮ ಹಾಗೆಯೇ ಮಾಡಿದರು. ಒಂದು ಹನಿಯೂ ಚೆಲ್ಲಲಿಲ್ಲ.

“ನಿಮಗೆ ಇದು ಹೇಗೆ ಗೊತ್ತು?” ಎಂದು ನಾನೇ ಕೇಳಿದೆ.

“ಗೊತ್ತಿಲ್ದೆ ಎಂತ? ನಮ್ಮ ಹುಡುಗ ಹೊಟ್ಟೇಲಿದ್ದಾಗ ನಂಗೂ ಇದೇ ಆಗಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ಮುಖ ಕೆಳಗೆ! ಲಕ್ವಾ ಬಡೀತು, ಬಾಣಂತನಕ್ಕೆ ಉಳಿಯೂದಿಲ್ಲ ಹೇಳಿ ನನ್ನ ಅತ್ತೆ ಅಳೂಕೆ ಶುರು ಮಾಡಿದ್ರು. ಡಾಕ್ಟ್ರು ಎಂತದೋ ಇಂಗ್ಲಿಷ್ ಹೆಸರು ಹೇಳಿದ್ರು, ನಂಗೆ ತಲೆಗೆ ಹೋಗ್ಲಿಲ್ಲ. ಹುಡುಗ ಹುಟ್ಟೂದ್ರೊಳಗೆ ಮುಖ ಸರೀ ಆಗಿತ್ತು.”

“ಆಗ ಅರ್ಧ ಮುಖದಲ್ಲಿ ಬೈತಿದ್ದಳು. ಈಗ ಪೂರ್ತಿ ಮುಖದಲ್ಲಿ ಬೈತಾಳೆ” ಎಂದು ಹುಡುಗನ ಅಪ್ಪ ಅಷ್ಟು ಹೊತ್ತಿಗೆ ಮೊದಲ ಬಾರಿ ಬಾಯಿಬಿಟ್ಟರು.

ಅವರು ಗಂಡನ ಮಾತಿಗೆ ನಕ್ಕರು. “ನೋಡಿ, ನಾ ನಗ್ತೆ, ಸರಿಯಾಗಿ ನೋಡಿ.” ನಗುವಾಗ ಅವರ ಬಲಗಣ್ಣು ತಾನಾಗಿಯೇ ತುಸು ಮುಚ್ಚಿಕೊಳ್ಳುತ್ತಿತ್ತು, ಯಾರಿಗೋ ಕಣ್ಣು ಹೊಡೆದ ಹಾಗೆ. “ಇಷ್ಟೇ ಉಳಿದದ್ದು. ಇದನ್ನು ಕಟ್ಟಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೆ.”

ಆಮೇಲೆ ದನಿ ಇಳಿಸಿ ಹೇಳಿದರು. “ನಿಮ್ಮ ಅಪ್ಪನಿಗೆ ಆದದ್ದು ಬೇರೆ, ಇದು ಬೇರೆ. ಇರ್ಲಿ, ಒಂದೇ ಅಂತಲೇ ಇಟ್ಕಣಿ. ಹಾಸಿಗೆ ಹಿಡಿದವರು ಯಾರ ಮನೇಲಿಲ್ಲ? ಹೆಣ್ಣು ಬೇಕು ಹೇಳಿದ್ದು ನಾವು. ನಿಮ್ಮ ಮುಖ ನೋಡಿ ಹೇಳಿದ್ದಲ್ಲ.”

ಮಾಮನ ಎಡಗಣ್ಣು ಆ ವಾರವಿಡೀ ಸೋರುತ್ತಲೇ ಇತ್ತು, ಅದು ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು. ಈಗ ಬಲಗಣ್ಣಲ್ಲೂ ನೀರು ಬಂತು. ಅವರು ಎರಡನ್ನೂ ಒರೆಸಿಕೊಳ್ಳಲಿಲ್ಲ. ಬೆರಳನ್ನು ತುಟಿಗೆ ಒತ್ತಿ ಹಿಡಿದು ಉಳಿದ ಚಹಾವನ್ನು ಪೂರ್ತಿ ಕುಡಿದರು.

ಮರಳುವಾಗ ಕೈಯಲ್ಲಿ ಒಂದು ಚೀಲ ಇಶಾಡ ಹಣ್ಣು. ಬಸ್ಸಿನಲ್ಲಿ ಅದೇ ಕಂಡಕ್ಟರು. ಮಾಮ ತಾವಾಗಿಯೇ ಅವನನ್ನು ಕರೆದು, “ಹಲ್ಲಲ್ಲವೋ, ನರ. ಸರಿ ಆಗ್ತದೆ” ಎಂದರು. ಮನೆಯಲ್ಲಿ ಮಾಮಿ ಹಣ್ಣಿನ ಚೀಲ ನೋಡಿ ಕೇಳಿದಾಗ ಎಲ್ಲ ಹೇಳಬೇಕಾಯಿತು. ಮಾಮಿ ಬೈಯಲಿಲ್ಲ. ಹಣ್ಣನ್ನು ಒಂದೊಂದಾಗಿ ಚೀಲದಿಂದ ತೆಗೆದಿಡುತ್ತ, “ಅಕ್ಕೋರ ಸಂಗಡ ಹೋಗೂಕೆ ಆಯ್ತು, ನಂಗೆ ಒಂದು ಮಾತು ಹೇಳೂಕೆ ಆಗಲಿಲ್ಲ” ಎಂದು ಒಳಗೆ ಹೋದರು. ಎರಡು ದಿನ ಗಂಡನ ಜೊತೆ ಮಾತಿಲ್ಲ. ಕಣ್ಣಿಗೆ ಹನಿ ಮಾತ್ರ ಹೊತ್ತು ಹೊತ್ತಿಗೆ ಹಾಕುತ್ತಿದ್ದರು.

ಆಮೇಲಿನದು ನಿಧಾನವಾಗಿ, ಆದರೆ ಸರಿಯಾಗಿ ನಡೆಯಿತು. ಮೊದಲು ತುಟಿಯ ತುದಿ ಅಲುಗಿತು. ಒಂದು ಬೆಳಿಗ್ಗೆ ಮಾಮ ಕಾಂಪೌಂಡಿನ ಆಚೆಯಿಂದ ನನ್ನನ್ನು ಕೂಗಿ, “ಅಕ್ಕೋರೇ, ನೋಡಿ ನೋಡಿ, ಮುಚ್ತು!” ಎಂದು ಎಡಗಣ್ಣು ಮುಚ್ಚಿ ತೋರಿಸಿದರು. ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಮಾಮಿ, “ನಿನ್ನೆಯಿಂದ ಎಲ್ಲರಿಗೂ ಕಣ್ಣು ಹೊಡೀತಿದ್ದಾರೆ ಇವರು” ಎಂದರು. ಮದುವೆಯ ಹೊತ್ತಿಗೆ ಮುಖ ಬಹುಮಟ್ಟಿಗೆ ನೆಟ್ಟಗಾಗಿತ್ತು. ನಗುವಾಗ ಎಡಗಣ್ಣು ತುಸು ಚಿಕ್ಕದಾಗುವುದು ಮಾತ್ರ ಉಳಿಯಿತು. ಫೋಟೋ ತೆಗೆಯುವವನು, “ಕಣ್ಣು ಬಿಡಿ, ಕಣ್ಣು ಬಿಡಿ” ಎಂದು ಮಾಮ, ಬೀಗಿತಿ ಇಬ್ಬರಿಗೂ ಹೇಳಿ ಹೇಳಿ ಸೋತ. ಅವನು ಹೇಳಿದಷ್ಟೂ ಅವರು ನಗುತ್ತಿದ್ದರು.

ಆ ಮಳೆಗಾಲದಲ್ಲಿ ನಮ್ಮ ಶಾಲೆಗೆ ಹೊಸದಾಗಿ ಬಂದ ಉರ್ದು ಟೀಚರ ಜೊತೆ ಮಾತಾಡುವಾಗ ಈ ಕಥೆ ಬಂತು. ಅವರು ಆಶ್ಚರ್ಯಪಟ್ಟರು. “ನಮ್ಮಲ್ಲಿ ಲಕ್ವಾ ಅಂದರೆ ಮುಖ ಓರೆಯಾಗೋದಷ್ಟೇ. ಕೈಕಾಲು ಬಿದ್ದುಹೋದರೆ ಅದಕ್ಕೆ ಫಾಲಿಜ್ ಅಂತ ಬೇರೆ ಶಬ್ದ ಇದೆ.” ಅದನ್ನು ಅಂದೇ ಸಂಜೆ ಮಾಮನಿಗೆ ಹೇಳಿದೆ. ಮಾಮ ನಕ್ಕು ನಕ್ಕು ಸುಸ್ತಾದರು. “ಅಂದ್ರೆ ನಂಗೆ ಬಂದದ್ದು ಖರೇ ಲಕ್ವಾನೇ! ಹೆದರೂದು ಬೇಡಾಗಿತ್ತು, ಅಷ್ಟೇ.” ಆಮೇಲೆ ಪಾಲಿಸಿ ಮಾಡಿಸಲು ಹೋದಲ್ಲೆಲ್ಲ ಈ ಕಥೆ ಹೇಳುತ್ತಿದ್ದರಂತೆ.

ಈಗ ಪಾಠದಲ್ಲಿ ಪಾಲ್ಸಿ ಎಂಬ ಶಬ್ದ ಬಂದಾಗ ಮಕ್ಕಳಿಗೆ ಬರೀ ‘ಪಾರ್ಶ್ವವಾಯು’ ಎಂದು ಬರೆಸಿ ಮುಂದೆ ಹೋಗಲು ನನ್ನಿಂದಾಗುವುದಿಲ್ಲ. ಯಾವುದರ ಜೊತೆ ಬಂದಿದೆ, ಯಾರಿಗೆ ಹೇಳಿದ್ದು, ನಡುಕವೋ ಸೋಲೋ, ಹೋಗುವಂಥದ್ದೋ ಉಳಿಯುವಂಥದ್ದೋ ಎಂದು ಕೇಳುತ್ತೇನೆ. ಮಕ್ಕಳಿಗೆ ಒಂದು ಶಬ್ದಕ್ಕೆ ಇಷ್ಟು ಯಾಕೆ ಎನಿಸುತ್ತದೆ. ಎನಿಸಲಿ.

ಗಂಡನಿಗೆ ವರ್ಗವಾಗಿ ನಾವು ಕಾರವಾರ ಬಿಟ್ಟೆವು. ಎಷ್ಟೋ ವರ್ಷ ಬಿಟ್ಟು ಮತ್ತೆ ಕಾರವಾರಕ್ಕೇ ಬಂದು ನೆಲೆಸಿದಾಗ ಮಾಮ ಇರಲಿಲ್ಲ. ಮಾಮಿ ಮಗಳ ಜೊತೆ ಅಂಕೋಲೆಯಲ್ಲಿದ್ದಾರೆಂದು ತಿಳಿಯಿತು. ಬಲೂನಿನ ವಾಸನೆ ಮೂಗಿನಿಂದ ಹೋಗದೆ, ಮೊನ್ನೆ ಭಾನುವಾರ ಬಸ್ಸು ಹತ್ತಿ ಹೋಗಿಯೇಬಿಟ್ಟೆ.

ಮಾಮಿ ತುಂಬ ಬಡವಾಗಿದ್ದಾರೆ. ಆದರೆ ನೆನಪು ಚುರುಕು. ನನ್ನ ಕೈ ಹಿಡಿದುಕೊಂಡೇ ಎಲ್ಲ ಹೇಳಿದರು. ಮಾಮ ಮೊಮ್ಮಕ್ಕಳನ್ನು ಸ್ಕೂಟರಿನಲ್ಲಿ ಸುತ್ತಿಸಿದರು, ಕೊನೆಯವರೆಗೂ ನಡೆದಾಡಿಕೊಂಡಿದ್ದರು. ಒಂದು ಬೆಳಿಗ್ಗೆ ತಿಂಡಿ ತಿಂದು, ಕುರ್ಚಿಯಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೆಯೇ ಹಿಂದಕ್ಕೆ ಒರಗಿದರಂತೆ. ಹೃದಯ. ಮಾಮಿ ಅಡಿಗೆಮನೆಯಿಂದ ಬರುವುದರೊಳಗೆ ಮುಗಿದಿತ್ತು.

“ಒಂದಿನಾನೂ ಹಾಸಿಗೆ ಹಿಡೀಲಿಲ್ಲ ಅಕ್ಕೋರೇ. ಅವರು ಬೇಡಿಕೊಂಡದ್ದು ಅದೇ ಅಲ್ದಾ? ಹಾಂಗೇ ಆಯ್ತು” ಎಂದರು.

ಹೌದು ಮಾಮಿ, ಅಷ್ಟಾದರೂ ಒಳ್ಳೆಯದಾಯಿತು ಎಂದೆ. ಮಾತಿಗೆ ಹೇಳಿದ್ದಲ್ಲ, ನನಗೆ ನಿಜವಾಗಿ ಹಾಗೆಯೇ ಅನಿಸಿತ್ತು. ಶೆಟಗೇರಿಯ ಆ ಒಳಕೋಣೆಯ ಹೆದರಿಕೆ ಅವರನ್ನು ಕೊನೆಗೂ ಮುಟ್ಟಲಿಲ್ಲವಲ್ಲ ಎಂದು ಮನಸ್ಸು ಹಗುರಾಗಿತ್ತು.

ಮಾಮಿ ಅಂಗಳದ ಕಡೆ ತಿರುಗಿದರು. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

“ನಾಲ್ಕು ದಿನ ಮಲಗಿದ್ರೆ ನಾ ನೋಡ್ಕೊಳ್ತಿದ್ನಲ್ಲ…” ಎಂದರು. “ನಂಗೇನು ಭಾರ ಆಗ್ತಿತ್ತಾ ಅಕ್ಕೋರೇ?”